ಡೋಲು ಬಾರಿಸದೆ ಬಂದ ಅಮೀನ

ದೆಹಲಿಯ ರೋಹಿಣಿ ಬಡಾವಣೆಯ ಆ ಗಲ್ಲಿಯಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಹಾಲಿನವನ ಸೈಕಲ್ ಬೆಲ್ ಮೊದಲು ಬರುತ್ತದೆ, ಹಾಲಿನವನು ಆಮೇಲೆ. ಗೇಟಿನ ಮುಂದೆ ಮಫ್ಲರ್ ಸುತ್ತಿಕೊಂಡು ನಿಂತಿರುವ ಬಸವಲಿಂಗಪ್ಪನವರ ಹೆಗಲಲ್ಲಿ ಸಣ್ಣದೊಂದು ಡೋಲು, ಕಂಕುಳಲ್ಲಿ ಫೈಲು, ಕೋಟಿನ ಜೇಬಿನಲ್ಲಿ ಗೋಂದಿನ ಡಬ್ಬಿ. ಅವರು ಕೈಗಡಿಯಾರ ನೋಡಿಕೊಳ್ಳುತ್ತಾ ಕಾಯುತ್ತಿದ್ದಾರೆ.

“ಸೂರ್ಯ ಹುಟ್ಟೋಕೆ ಮುಂಚೆ ಬಾರಿಸೋ ಹಾಗಿಲ್ಲ. ಡಿಸೆಂಬರ್‌ನಲ್ಲಿ ದಿಲ್ಲಿ ಸೂರ್ಯನಿಗೂ ನಾವೇ ನೋಟಿಸ್ ಕೊಟ್ಟು ಕರೆಸ್ಬೇಕು,” ಎನ್ನುತ್ತಾರೆ.

ಸಿನಿಮಾದಲ್ಲಿ ಡೋಲಿನ ಸದ್ದಿಗೆ ಎಂಟ್ರಿ ಕೊಡುವವನು ಹೀರೋ. ಇಲ್ಲಿ ಡೋಲು ಹಿಡಿದು ಬಂದವನೇ ವಿಲನ್. ಬಸವಲಿಂಗಪ್ಪ ದೆಹಲಿಯ ಒಂದು ಕೋರ್ಟಿನಲ್ಲಿ ಅಮೀನರು. ಅಡಮಾನದ ಸಾಲ ತೀರದೆ ಮನೆ ಹರಾಜಿಗೆ ಬಂದರೆ ಆ ಮನೆಯೆದುರು ಡೋಲು ಬಾರಿಸಿ, ಹರಾಜಿನ ಪ್ರಕಟಣೆಯನ್ನು ಕೂಗಿ ಓದಿ, ಗೋಡೆಗೆ ಅಂಟಿಸಿ ಬರುವುದು ಅವರ ಕೆಲಸ. ಊರಿಗೆಲ್ಲ ಮೊಬೈಲ್ ಬಂದಿದೆ. ಕಾನೂನಿಗೆ ಮಾತ್ರ ಇನ್ನೂ ಡೋಲೇ ಬೇಕು.

ಕಿಟಕಿಯ ಪರದೆ ಅಲ್ಲಾಡುತ್ತದೆ. “ಅಮ್ಮಾ, ಕೋಯಿ ಆಯಾ ಹೈ! ಡೋಲ್ ಲೇಕೆ!” ಎಂದು ಕಾಲೇಜು ಓದುವ ಗಗನಾ ಕೂಗುತ್ತಾಳೆ. ಒಳಗಿನಿಂದ ಅವಳ ತಾಯಿ ಮೈತ್ರೇಯಿಯವರ ದನಿ, ಅಪ್ಪಟ ಕನ್ನಡದಲ್ಲಿ: “ಬಂತಾ ಶನಿ? ಹಾಲು ಬರೋ ಹೊತ್ತಿಗೇ ವಕ್ಕರಿಸ್ಬೇಕಿತ್ತಾ?”

“ಶನಿ ಅಲ್ಲಮ್ಮ, ಬಸವಲಿಂಗಪ್ಪ ಅಂತ,” ಗೇಟಿನಿಂದಲೇ ಉತ್ತರ ಹೋಗುತ್ತದೆ. “ಹಾಲಿನವನೂ ಹಿಂದೇನೇ ಇದ್ದಾನೆ.”

ಒಳಗೆ ಒಂದು ಪಾತ್ರೆ ಬಿದ್ದ ಸದ್ದು. ಆಮೇಲೆ ಬಾಗಿಲು ತೆರೆಯುತ್ತದೆ.

ಬಸವಲಿಂಗಪ್ಪನವರ ಊರು ಹಾವೇರಿ ಕಡೆ. ಚಿಕ್ಕಪ್ಪನ ಜೊತೆ ದೆಹಲಿಗೆ ಬಂದು, ೧೯೮೩ರಲ್ಲಿ ಕೋರ್ಟು ಸೇರಿದರು. ವಾಸ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅದು ಕೇಂದ್ರ ಸಚಿವಾಲಯದಲ್ಲಿ ಕ್ಲರ್ಕ್ ಆಗಿರುವ ಹೆಂಡತಿ ಶಾರದಾ ಅವರ ಹೆಸರಿನಲ್ಲಿದೆ. “ಊರವರ ಮನೆಗೆಲ್ಲ ನೋಟಿಸ್ ಅಂಟಿಸ್ತೀನಿ, ನನ್ನ ಮನೇಲಿ ನಾನೇ ಬಾಡಿಗೆದಾರ,” ಎಂದು ನಗುತ್ತಾರೆ. ದಿನಕ್ಕೆ ಹದಿನೈದು ಹದಿನಾರು ವಿಳಾಸ, ನಾಲ್ಕೈದು ಬಸ್ಸು. ಇಷ್ಟು ವರ್ಷಗಳಲ್ಲಿ ನಾಯಿ ಕಚ್ಚಿದ್ದು ನಾಲ್ಕು ಬಾರಿ, ತಲೆಯ ಮೇಲೆ ನೀರು ಸುರಿದದ್ದು ಲೆಕ್ಕವಿಲ್ಲ. “ಬೇಸಿಗೇಲಿ ಸುರಿದ್ರೆ ಥ್ಯಾಂಕ್ಸ್ ಹೇಳ್ಬಿಡ್ತೀನಿ.”

ಅವರದೊಂದು ಪದ್ಧತಿಯಿದೆ. ಸಹೋದ್ಯೋಗಿಗಳು ಅದಕ್ಕೆ ತಮಾಷೆ ಮಾಡುತ್ತಾರೆ. ಬೇರೆಯವರು ಎರಡೇಟು ಬಾರಿಸಿ, ಅಂಟಿಸಿ, ಚಲೋ ಎಂದು ಹೊರಟುಬಿಡುತ್ತಾರೆ. ಬಸವಲಿಂಗಪ್ಪ ಮಾತ್ರ ಮೊದಲು ಫೈಲು ಬಿಚ್ಚಿ ಚೆಕ್ಕುಬಂದಿ ಓದುತ್ತಾರೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಮನೆಯ ಸುತ್ತ ನಡೆದು ನೋಡುತ್ತಾರೆ. ಜೊತೆಗಿರುವ ಅಡಮಾನ ಪತ್ರದ ನಕಲಿನೊಂದಿಗೆ ಸಾಲು ಸಾಲು ತಾಳೆ ನೋಡುತ್ತಾರೆ. ಆಮೇಲಷ್ಟೇ ಡೋಲು.

ಇಂದೂ ಹಾಗೆಯೇ ಓದುತ್ತಿದ್ದವರು ತಟ್ಟನೆ ನಿಲ್ಲುತ್ತಾರೆ.

ಈ ಮನೆ ಮೈತ್ರೇಯಿಯವರ ತಂದೆಯದು. ಅವರು ತೀರಿಕೊಂಡ ಮೇಲೆ ಅರ್ಧ ಮಗಳಿಗೆ, ಅರ್ಧ ಮಗ ಚಂದ್ರಮೋಹನನಿಗೆ ಬಂದಿತ್ತು. ಅಣ್ಣ ತನ್ನ ಅರ್ಧವನ್ನು ಅಡವಿಟ್ಟು ಟ್ಯಾಕ್ಸಿ ಕಂಪನಿ ಮಾಡಿದ. ಕಂಪನಿ ಮುಳುಗಿತು, ಕೋರ್ಟು ಅವನನ್ನು ದಿವಾಳಿ ಎಂದು ಘೋಷಿಸಿತು. ಸಾಲ ಕೊಟ್ಟವರ ಹಕ್ಕಿರುವುದು ಅವನ ಅರ್ಧದ ಮೇಲೆ ಮಾತ್ರ. ಅಡಮಾನ ಪತ್ರದಲ್ಲೂ ಹಾಗೇ ಇದೆ. ಆದರೆ ಹರಾಜಿನ ಪ್ರಕಟಣೆಯಲ್ಲಿ ‘ಅರ್ಧ ಪಾಲು’ ಎಂಬ ಮಾತೇ ಇಲ್ಲ. ಯಾರೋ ಟೈಪ್ ಮಾಡುವಾಗ ಒಂದು ಸಾಲು ನುಂಗಿದ್ದಾರೆ. ಹರಾಜಿಗಿರುವುದು ಇಡೀ ಮನೆ ಎಂದು ಬಸವಲಿಂಗಪ್ಪ ಕಾಗದ ತೋರಿಸುತ್ತಾರೆ.

“ನಂದೂ ಹೋಗತ್ತಾ?” ಎನ್ನುವಾಗ ಮೈತ್ರೇಯಿಯವರ ಕೈ ಗೇಟಿನ ಸರಳನ್ನು ಬಿಗಿ ಹಿಡಿದಿದೆ. ಅವರು ಶಾಲಾ ಶಿಕ್ಷಕಿ, ಗಂಡ ಇಲ್ಲ, ಇರುವುದು ಇದೊಂದೇ ಸೂರು.

“ಇವತ್ತು ನಾನು ಬಾರಿಸಲ್ಲಮ್ಮ,” ಎಂದು ಬಸವಲಿಂಗಪ್ಪ ಫೈಲು ಮುಚ್ಚುತ್ತಾರೆ.

ಫೈಟ್ ಸೀನ್ ಇರುವುದು ಆಫೀಸಿನಲ್ಲಿ. ಡೋಲು ಬಾರಿಸದೆ, ಕಾರಣವನ್ನು ಕಾಗದದ ಹಿಂದೆ ಬರೆದು ತಂದವರನ್ನು ಮೇಲಧಿಕಾರಿ ಎಲ್ಲರೆದುರೇ ತರಾಟೆಗೆ ತೆಗೆದುಕೊಳ್ಳುತ್ತಾರೆ: “ತೂ ಜಜ್ ಹೈ ಕ್ಯಾ?”

“ನಹೀಂ ಸಾಬ್. ಜಜ್ ಸಾಬ್ ಪಢೇಂಗೆ, ಇಸ್‌ಲಿಯೇ ಲಿಖಾ ಹೈ,” ಎನ್ನುತ್ತಾರೆ ಬಸವಲಿಂಗಪ್ಪ; ಬರೆದದ್ದು ಜಡ್ಜ್ ಓದಲಿ ಎಂದೇ. ಕೆಲಸ ಮಾಡಲಿಲ್ಲವೆಂದು ಮೆಮೊ ಕೈಗೆ ಬರುತ್ತದೆ. ಆ ವಾರ ಮನೆಯಲ್ಲಿ ಶಾರದಾ ಅವರೂ ಬಿಡುವುದಿಲ್ಲ: “ರಿಟೈರ್ ಆಗೋ ಹೊತ್ತಲ್ಲಿ ನಿಮಗ್ಯಾಕ್ರೀ ಹೀರೋಗಿರಿ?”

ಒಂಬತ್ತನೇ ದಿನ ಜಡ್ಜ್ ಆ ಬರಹ ಓದುತ್ತಾರೆ. ಪ್ರಕಟಣೆ ತಿದ್ದಿಸಲು ಆದೇಶವಾಗುತ್ತದೆ, ಮೆಮೊ ವಾಪಸ್ಸಾಗುತ್ತದೆ. ಹೊಸ ಕಾಗದದಲ್ಲಿ ‘ಚಂದ್ರಮೋಹನರ ಅರ್ಧ ಪಾಲು ಮಾತ್ರ’ ಎಂದಿದೆ. ಈ ಸಲ ಬಸವಲಿಂಗಪ್ಪ ಬಾರಿಸುತ್ತಾರೆ, ಗಲ್ಲಿಯ ನಾಯಿಗಳೆಲ್ಲ ಓಡುವ ಹಾಗೆ. ‘ಮಾತ್ರ’ ಎಂಬಲ್ಲಿಗೆ ಬಂದಾಗ ಎರಡು ಸಲ ಓದುತ್ತಾರೆ.

ಅಂಟಿಸಿ ಹೊರಡುವಾಗ ಒಂದು ಮಾತು. “ಸಲಹೆ ಕೊಡೋ ಹಾಗಿಲ್ಲ ನಾನು. ಪಾಲುದಾರರೇ ಹರಾಜು ಕೂಗಿದ್ರೆ ಏನಾಗತ್ತೆ ಅಂತ ನಿಮ್ಮ ವಕೀಲರನ್ನ ಕೇಳಿ, ಅಷ್ಟೇ.”

ವಕೀಲರು ಹೇಳಿದ ನಿಯಮ ಸರಳ: ಪಾಲು ಹರಾಜಾಗುವಾಗ ಹೊರಗಿನವರೂ ಪಾಲುದಾರರೂ ಒಂದೇ ಮೊತ್ತ ಕೂಗಿದರೆ, ಅದು ಪಾಲುದಾರರಿಗೆ.

ಮಾರ್ಚ್ ತಿಂಗಳ ಹರಾಜಿನ ದಿನ ಕೋರ್ಟಿನ ವರಾಂಡದಲ್ಲಿ ಚಿನ್ನದ ಸರದ ಪ್ರಾಪರ್ಟಿ ಡೀಲರ್ ಒಬ್ಬ ಕುರ್ಚಿ ಎಳೆದು ಕೂರುತ್ತಾನೆ. ಅವನು ಒಂದು ಮೊತ್ತ ಕೂಗುತ್ತಾನೆ. ಭವಿಷ್ಯನಿಧಿ ತೆಗೆದು, ಬಳೆ ಅಡವಿಟ್ಟು ಬಂದಿರುವ ಮೈತ್ರೇಯಿ “ಉತನಾ ಹೀ” ಎನ್ನುತ್ತಾರೆ, ನನ್ನದೂ ಅಷ್ಟೇ ಎಂದು. ಅವನು ಏರಿಸುತ್ತಾನೆ. “ಉತನಾ ಹೀ.” ಮತ್ತೆ ಏರಿಸುತ್ತಾನೆ. “ಉತನಾ ಹೀ.”

“ಅರೇ ಮೇಡಂ, ಕುಛ್ ತೋ ಬಢಾವೋ!” ಸ್ವಲ್ಪವಾದರೂ ಏರಿಸಿ ಎಂದು ಡೀಲರ್ ರೇಗುತ್ತಾನೆ.

“ಕ್ಯೋಂ ಬಢಾವೂಂ?” ಎನ್ನುತ್ತಾರೆ ಟೀಚರ್, ಲೇಟಾಗಿ ಬಂದ ಹುಡುಗನನ್ನು ನೋಡುವ ಹಾಗೆ. ಒಳಗೊಬ್ಬ ಟೀಚರ್ ಇರುವ ಅರ್ಧ ಮನೆ ಕೊಂಡು ತಾನು ಕೂರುವುದೆಲ್ಲಿ ಎಂಬುದು ಡೀಲರ್‌ಗೆ ಹೊಳೆದಿರಬೇಕು. ಕುರ್ಚಿ ಸರಿಸಿ ಎದ್ದು ಹೋಗುತ್ತಾನೆ. ಗಗನಾ ಅಮ್ಮನನ್ನು ಅಪ್ಪಿಕೊಂಡು ಅಳುತ್ತಾ ನಗುತ್ತಾಳೆ: “ಮಮ್ಮಾ, ಪೂರಾ ಘರ್! ಪೂರಾ ನಮ್ದು!”

ಚಂದ್ರಮೋಹನ ಈಗಲೂ ಮೇಲಿನ ರೂಮಿನಲ್ಲೇ ಇದ್ದಾನೆ. “ಪಾಲು ಹೋಯ್ತು. ಅಣ್ಣ ಹೋಗ್ಲಿಲ್ವಲ್ಲ,” ಎನ್ನುತ್ತಾರೆ ಮೈತ್ರೇಯಿ.

ಈ ಕತೆಯನ್ನು ಬಸವಲಿಂಗಪ್ಪ ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾತು ಹಾರಿಸುತ್ತಾರೆ. ಮುಂದಿನ ವರ್ಷ ನಿವೃತ್ತಿ. ಸನ್ಮಾನ, ಶಾಲು ಎಂದರೆ ಕೈ ಆಡಿಸುತ್ತಾರೆ.

“ಅಣ್ಣನ ಅರ್ಧ ಆ ಯಮ್ಮನೇ ಗೆದ್ಕೊಂಡಿದ್ದು, ಅದ್ರಲ್ಲಿ ನಂದೇನಿಲ್ಲ,” ಎಂದು ಬಸ್ಸು ಬಂತೇ ಎಂದು ಇಣುಕುತ್ತಾ ಹೇಳುತ್ತಾರೆ. “ಅವರದೇ ಇತ್ತಲ್ಲ ಇನ್ನರ್ಧ, ಅದು ಹರಾಜಿಗೇ ಬರ್ಲಿಲ್ಲ. ನನ್ನ ಇಷ್ಟು ವರ್ಷದ ಸರ್ವಿಸ್ ಅಂದ್ರೆ ಅದು, ಸಾರ್.”