ಮಾತಿಲ್ಲದ ಹನ್ನೆರಡು ನಿಮಿಷ

ಮೊರಬದ ಶಾಲೆಯಲ್ಲಿ ನನ್ನ ಜೊತೆಗಿದ್ದ ಚಿತ್ರಕಲಾ ಮಾಸ್ತರರು ಯಾರು ಅವಸರಿಸಿದರೂ, "ಸ್ವಲ್ಪ ತಡೀರಿ, ನೋಡ್ರಿ" ಎನ್ನುತ್ತಿದ್ದರು. ಒಮ್ಮೆ ಮೊಬೈಲಿನಲ್ಲೇ ಸಿನಿಮಾ ಮಾಡಿದರು. ಅದರಲ್ಲಿ ಮಾತಿಲ್ಲ, ಹಾಡಿಲ್ಲ. ಊರಿನ ಹೆಣ್ಣುಮಗಳೊಬ್ಬಳು ಹನ್ನೆರಡು ನಿಮಿಷ ಹತ್ತಿ ಬಿಡಿಸುತ್ತಾಳೆ, ಅಷ್ಟೇ. ಆಕೆ ಒಪ್ಪಿದ್ದಳು, ಗಂಡನಿಗೆ ಯಾರೂ ಹೇಳಿರಲಿಲ್ಲ.

ಶಾಲೆಯ ಗೋಡೆಯ ಮೇಲೆ ಅದನ್ನು ತೋರಿಸಿದ ದಿನ ಆ ಗಂಡನೂ ಬಂದು ಕೂತ. ಮಾಸ್ತರರು ಕರವಸ್ತ್ರ ಹಿಂಡುತ್ತ ಅವನನ್ನೇ ನೋಡುತ್ತಿದ್ದರು. "ಇದರಾಗ ಏನೂ ಆಗವಲ್ದು" ಎಂದು ಗೊಣಗುತ್ತ ಜನ ಒಬ್ಬೊಬ್ಬರಾಗಿ ಎದ್ದುಹೋದರು. ಸಿನಿಮಾ ಮುಗಿದೊಡನೆ ಆ ಗಂಡ ನೇರ ಮಾಸ್ತರರ ಹತ್ತಿರ ಬಂದ. ಹೊಡೆದಾನೆಂದು ನಾನು ನಡುವೆ ನಿಂತೆ.

"ಇನ್ನೊಮ್ಮಿ ಹಾಕ್ರಿ ಮಾಸ್ತರ," ಎಂದ. "ಮನ್ಯಾಗ ಆಕಿನ್ನ ನಾ ಇಷ್ಟೊತ್ತು ಎಂದೂ ನೋಡಿಲ್ರಿ."

ಅವಸರದಲ್ಲಿ ಮಾಸ್ತರರಿಗೆ ಪ್ರೊಜೆಕ್ಟರಿನ ಗುಂಡಿ ಸಿಗಲಿಲ್ಲ. ನಾನೇ ಒತ್ತಿದೆ.