ಇಕ್ಕಳ ಯಾರ ಕೈಯಲ್ಲಿ

ಜಪಾನಿನ ಈದಾ ಊರಿನ ರೈಲು ನಿಲ್ದಾಣದ ಹಿಂದೆ ಓರಿಯೆಯ ಯಾಕಿನಿಕು ಅಂಗಡಿ ಶುರುವಾಗಿ ಇಪ್ಪತ್ತೆಂಟು ವರ್ಷವಾಯಿತು. ಏಳು ಮೇಜು, ಪ್ರತಿ ಮೇಜಿನ ನಡುವೆ ಒಂದು ಒಲೆ, ಅದರ ಮೇಲೆ ಜಾಲರಿ. ಹಸಿ ದನದ ಮಾಂಸ ತಂದಿಡುವುದು ಅವಳ ಕೆಲಸ, ಸುಟ್ಟುಕೊಂಡು ತಿನ್ನುವುದು ಗಿರಾಕಿಯ ಕೆಲಸ. ಇಕ್ಕಳ ಯಾರ ಕೈಯಲ್ಲಿದೆ, ಮೊದಲ ತುಂಡು ಯಾರ ತಟ್ಟೆಗೆ ಬಿತ್ತು, ಇಷ್ಟು ಕಂಡರೆ ಸಾಕು, ಆ ಸಂಸಾರದ ಜಾತಕವೇ ಅವಳಿಗೆ ಸಿಕ್ಕಿಬಿಡುತ್ತದೆ.

ಲೆಕ್ಕ ತಪ್ಪಿದ್ದು ಒಂದೇ ಸಲ, ತನ್ನ ಗಂಡನ ವಿಷಯದಲ್ಲಿ. ಮದುವೆಗೆ ಮುಂಚೆ ಅವನು ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿ ಇವಳ ತಟ್ಟೆಗೆ ಹಾಕುತ್ತಿದ್ದ. ಮಗಳು ಮಾಯುಕೊಗೆ ಐದು ತುಂಬುವ ಹೊತ್ತಿಗೆ ಇನ್ನೊಬ್ಬಳ ತಟ್ಟೆಗೆ ಹಾಕಲು ಹೊರಟುಹೋದ. ಅಂದಿನಿಂದ ಬಡಿಸುವ ಗಂಡಸರನ್ನು ಕಂಡರೆ ಓರಿಯೆಗೆ ಮೈಯೆಲ್ಲ ಅನುಮಾನ.

ಆ ಭಾನುವಾರ ಮಧ್ಯಾಹ್ನ ಮಾಯುಕೊ ಒಬ್ಬನನ್ನು ಜೊತೆಗೆ ಕರೆತಂದಳು. ಹೆಸರು ತೊಕಿತಾ. ಮದುವೆಯ ಲಕೋಟೆಗೆ ಕಟ್ಟುವ ಬಣ್ಣದ ದಾರ ತಯಾರಿಸುವ ಕಂಪನಿಯಲ್ಲಿ ಇಬ್ಬರಿಗೂ ಕೆಲಸ.

“ಸುಮ್ನೆ ಊಟಕ್ಕೆ ಬಂದ್ವಿ ಅಮ್ಮ,” ಎಂದಳು ಮಗಳು.

ಸುಮ್ಮನೆ ಊಟವಂತೆ! ಗಂಡು ಹೆಣ್ಣು ಇಬ್ಬರೇ ಎದುರುಬದುರು ಕೂತು ಮಾಂಸ ಸುಟ್ಟು ತಿಂದರೆ ಅವರ ನಡುವೆ ಮುಚ್ಚುಮರೆ ಉಳಿದಿಲ್ಲ ಎಂದು ಊರಿಗೆ ಊರೇ ಆಡಿಕೊಳ್ಳುತ್ತದೆ. ಇವನು ಅಳಿಯನಾಗಲು ಬಂದವನೇ ಸೈ. ಮಗಳನ್ನು ಇವನ ಕೈಗೆ ನಂಬಿ ಕೊಡಬಹುದೋ ಇಲ್ಲವೋ, ಊಟ ಮುಗಿಯುವುದರೊಳಗೆ ಓರಿಯೆಗೆ ತಿಳಿಯಬೇಕಿತ್ತು.

“ಅಂಗಡಿ ತುಂಬಾ ಚೆನ್ನಾಗಿದೆ ಅಮ್ಮ,” ಎಂದು ತೊಕಿತಾ ಎದ್ದು ನಿಂತು ನಡು ಬಗ್ಗಿಸಿದ.

ಅಮ್ಮ ಎನ್ನಲು ಇವನಿಗೆ ಅಪ್ಪಣೆ ಕೊಟ್ಟವರು ಯಾರು? ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡು ಓರಿಯೆ ಒಳಗೆ ಹೋದಳು. ಆದರೆ ಕಣ್ಣನ್ನು ಅಲ್ಲೇ ಬಿಟ್ಟು ಹೋದಳು.

ತೊಕಿತಾ ಇಕ್ಕಳ ಕೈಗೆತ್ತಿಕೊಂಡ. ತುಂಡುಗಳನ್ನು ಒತ್ತೊತ್ತಾಗಿ ಹಾಕಲಿಲ್ಲ, ಸುಮ್ಮಸುಮ್ಮನೆ ಮಗುಚಲಿಲ್ಲ, ಅಂಚು ಮೇಲೇಳುತ್ತಿದ್ದಂತೆ ಒಮ್ಮೆ ತಿರುಗಿಸಿ ನೇರ ಮಾಯುಕೊಳ ತಟ್ಟೆಗೆ. ಒಂದು ತಪ್ಪೂ ಸಿಗಲಿಲ್ಲ. ಅದೇ ಓರಿಯೆಗೆ ದೊಡ್ಡ ಅನುಮಾನವಾಯಿತು.

“ಹುಡುಗ ಅಚ್ಚುಕಟ್ಟು ಕಣಮ್ಮ,” ಎಂದ ಮೂಲೆಯಲ್ಲಿ ಬಿಯರ್ ಕುಡಿಯುತ್ತಿದ್ದ ಹಳೆಯ ಗಿರಾಕಿ ಕುಮಗಾಯ್. “ನಾನು ನಮ್ಮವಳಿಗೆ ಒಂದಿನಾನೂ ಹಂಗೆ ಸುಟ್ಟು ಕೊಟ್ಟಿಲ್ಲ.”

“ಅದಕ್ಕೇ ಅವ್ರು ನಿಮ್ಮ ಜೊತೆ ಇಲ್ಲಿಗೆ ಬರಲ್ಲ. ಸುಮ್ನೆ ಕುಡೀರಿ.”

ಆಗ ಮೇಜಿನಿಂದ ತೊಕಿತಾನ ಮಾತು ಕೇಳಿಸಿತು. “ಈಗ್ಲೇ ತಿನ್ನು. ಇನ್ನೊಂಚೂರು ಬಿಟ್ರೆ ರಬ್ಬರ್ ಆಗೋಗತ್ತೆ.” ತಟ್ಟೆಯಲ್ಲಿದ್ದ ತುಂಡು ನಡುವೆ ಇನ್ನೂ ಕೆಂಪಗಿತ್ತು. ಮಾಯುಕೊ ಅದನ್ನು ಹಾಗೇ ತಿಂದಳು.

ಸಿಕ್ಕಿಬಿದ್ದೆಯಾ ಮಗನೇ! ತನ್ನ ಮಗಳಿಗೆ ಕರ್ರಗೆ ಸುಟ್ಟದ್ದೇ ಆಗಬೇಕು, ಚಿಕ್ಕಂದಿನಿಂದಲೂ. ಇವನು ತನ್ನ ರುಚಿಯನ್ನು ಅವಳ ಬಾಯಿಗೆ ತುರುಕುತ್ತಿದ್ದಾನೆ. ಇವತ್ತು ಮಾಂಸ, ನಾಳೆ ಅವಳ ಉಡುಪು, ನಾಳಿದ್ದು ಅವಳ ಸಂಬಳ. ಗಿರಾಕಿಯ ಮೇಜಿನ ಮಾತಿಗೆ ಎಂದೂ ತಲೆ ಹಾಕದವಳು ಅಂದು ಹೋಗಿ ನಿಂತಳು.

“ಅವಳಿಗೆ ಚೆನ್ನಾಗಿ ಕರ್ರಗಾಗ್ಬೇಕು, ತೊಕಿತಾ ಅವ್ರೇ.”

“ಹೌದಾ? ಅವಳು ಹೇಳ್ಲೇ ಇಲ್ವಲ್ಲ.”

“ನೀವು ಕೇಳಿದ್ರಾ?”

ತೊಕಿತಾನ ಕಿವಿ ಕೆಂಪಾಯಿತು. ಮಾಯುಕೊ ಊಟದ ಕಡ್ಡಿಗಳನ್ನು ಕೆಳಗಿಟ್ಟಳು.

“ಸಾಕು ಬಿಡಮ್ಮ. ಕರ್ರಗಿರೋದು ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ.”

“ಸುಳ್ಳು ಹೇಳ್ಬೇಡ. ಕರ್ರಗಿರೋದೇ ಕೊಡು ಅಂತ ನೀನೇ ಹಟ ಮಾಡ್ತಿದ್ದೆ.”

“ಮಾಡ್ತಿದ್ದೆ. ಅಪ್ಪ ಹೋದ ವರ್ಷ. ನೀನು ಒಳಗಡೆ ನನಗೇಂತ ನಾಲ್ಕು ತುಂಡು ಒಲೆ ಮೇಲೆ ಹಾಕಿರ್ತಿದ್ದೆ, ಅಷ್ಟರಲ್ಲಿ ಯಾರೋ ಗಿರಾಕಿ ಕೂಗೋರು. ನೀನು ವಾಪಸ್ ಬರೋ ಹೊತ್ಗೆ ಎಲ್ಲಾ ಸೀದೋಗಿರ್ತಿತ್ತು. ಒಂದಿನ ನೀನು ಅದನ್ನ ನೋಡ್ಕೊಂಡು ನಿಂತಲ್ಲೇ ಅತ್ಬಿಟ್ಟೆ. ಮಾರನೇ ದಿನದಿಂದ ನಂಗೆ ಅದೇ ಇಷ್ಟ ಅಂದೆ.”

ಓರಿಯೆಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಊರಿನವರ ತಟ್ಟೆಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳಿಗೆ ಸ್ವಂತ ಮಗುವಿನ ತಟ್ಟೆ ಕಂಡಿರಲಿಲ್ಲ.

“ಹಾಗಾದ್ರೆ ನಿಂಗೆ ಹೇಗಿದ್ರೆ ಇಷ್ಟ?” ಅವಳ ದನಿ ಇಳಿದುಹೋಗಿತ್ತು.

ಮಾಯುಕೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಗೊತ್ತಿಲ್ಲಮ್ಮ. ಇಲ್ಲೀತನಕ ಯಾರೂ ಕೇಳಿಲ್ಲ.”

ತೊಕಿತಾ ತಲೆ ತಗ್ಗಿಸಿ, ಇಕ್ಕಳದ ಹಿಡಿಕೆಯನ್ನು ಮಾಯುಕೊಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. ಓರಿಯೆ ಇನ್ನೊಂದು ತಟ್ಟೆ ಹಸಿ ಮಾಂಸ ತಂದಿಟ್ಟು ಅಲ್ಲೇ ಕುರ್ಚಿ ಎಳೆದುಕೊಂಡಳು. ಮಾಯುಕೊ ಒಂದೇ ಒಂದು ತುಂಡನ್ನು ಜಾಲರಿಯ ಮೇಲೆ ಹರಡಿದಳು. ಕೊಬ್ಬು ಚಟಚಟ ಎಂದಿತು, ಅಂಚು ಮೇಲೆದ್ದಿತು. ತಿರುಗಿಸು ಎಂಬ ಮಾತು ಓರಿಯೆ, ತೊಕಿತಾ ಇಬ್ಬರ ನಾಲಿಗೆಯ ತುದಿಗೂ ಬಂತು, ಇಬ್ಬರೂ ನುಂಗಿಕೊಂಡರು.