ನಿಲ್ಲಿಸುವ ಮಾತ್ರೆ

ಕ್ರೇನ್ ಓಡಿಸುವವನಿಗೆ ಕೆಳಗಿನವರು ಹದ್ದಣ್ಣ ಎಂದು ಹೆಸರಿಟ್ಟಿದ್ದರು. ಎದ್ದು ನಿಲ್ಲುತ್ತಿದ್ದ ಕಟ್ಟಡಕ್ಕಿಂತ ಎತ್ತರದಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕಬ್ಬಿಣದ ಕಂತೆಯಾಗಲಿ ಕಾಂಕ್ರೀಟಿನ ಬಕೆಟ್ಟಾಗಲಿ, ಹೂವಿನಂತೆ ಎತ್ತಿ ಹೂವಿನಂತೆ ಇಳಿಸುತ್ತಿದ್ದ. ಕೆಳಗೆ ನಿಂತು ವಾಕಿಟಾಕಿಯಲ್ಲಿ "ಎಡಕ್ಕೆ, ಇನ್ನೊಂಚೂರು, ಹಾಂ ಸಾಕು" ಎಂದು ದಾರಿ ತೋರಿಸುತ್ತಿದ್ದವನು ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಇಬ್ಬರದೂ ಎಂಥ ಹೊಂದಾಣಿಕೆ ಎಂದರೆ, ಭಾಮೈದ ಬಾಯಿ ತೆರೆಯುವ ಮೊದಲೇ ಕೊಕ್ಕೆ ಅವನ ತಲೆಯ ಹತ್ತಿರ ಬಂದು ನಿಂತಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಸೈಟಿನ ಟ್ಯಾಂಕಿನ ನೀರು ಕೆಟ್ಟು ಅರ್ಧಕ್ಕರ್ಧ ಜನ ವಾಂತಿಭೇದಿಯಲ್ಲಿ ಮಲಗಿದರು. ಎಲ್ಲರೂ ಎದ್ದರು. ಹದ್ದಣ್ಣನೂ ಎದ್ದ. ಆದರೆ ಅವನ ಹೊಟ್ಟೆ ಮಾತ್ರ ಮೊದಲಿನ ಹೊಟ್ಟೆಯಾಗಲಿಲ್ಲ. ತಿಂಡಿ ತಿಂದ ಕೂಡಲೇ ಕರುಳು ನುಲಿಯುತ್ತಿತ್ತು, ಓಡಬೇಕು ಎಂದರೆ ಆಗಲೇ ಓಡಬೇಕು. ನೆಲದ ಮೇಲೆ ಕೆಲಸ ಮಾಡುವವನಿಗೆ ಇದು ಪೇಚಾಟ, ಅಷ್ಟೆ. ಕ್ರೇನಿನವನಿಗೆ ಹಾಗಲ್ಲ. ಕಕ್ಕಸು ಇರುವುದು ಕೆಳಗೆ, ಗೇಟಿನ ಪಕ್ಕ. ಕಬ್ಬಿಣದ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಮತ್ತೆ ಹತ್ತಿ ಬರುವಷ್ಟರಲ್ಲಿ ಕಾಂಕ್ರೀಟಿನ ಲಾರಿಗಳು ಸಾಲುಗಟ್ಟುತ್ತವೆ, ಮೇಸ್ತ್ರಿಯ ಮುಖ ಗಂಟಿಕ್ಕುತ್ತದೆ.

ಹೀಗೇ ಒಂದು ದಿನ, ಸ್ಲ್ಯಾಬ್ ಹಾಕುತ್ತಿದ್ದಾಗ, ತಡೆದುಕೊಂಡು ತಡೆದುಕೊಂಡು ಕೊನೆಗೆ ಅವನಿಂದ ಆಗಲಿಲ್ಲ. ಕೂತಲ್ಲೇ ಆಗಿಹೋಯಿತು. ಕುಡಿಯಲು ತಂದಿದ್ದ ನೀರಿನಲ್ಲೇ ಪ್ಯಾಂಟು ತೊಳೆದು, ಕ್ಯಾಬಿನ್ನಿನ ಹಿಂದಿನ ಕಂಬಿಗೆ ಹರವಿ, ಒಳಚಡ್ಡಿಯಲ್ಲಿ ಕೂತು ಸಂಜೆಯವರೆಗೂ ಬಕೆಟ್ಟು ಎತ್ತಿದ. ಕೆಳಗಿನಿಂದ ಯಾರಿಗೂ ಏನೂ ಕಾಣುವಂತಿರಲಿಲ್ಲ. ಆದರೂ ಇಡೀ ಸೈಟೇ ತಲೆಯೆತ್ತಿ ತನ್ನನ್ನು ನೋಡುತ್ತಿದೆ ಎನಿಸಿ ಅವನ ಜೀವ ಹಿಡಿಯಷ್ಟಾಯಿತು. ಎರಡು ಮಕ್ಕಳ ತಂದೆ, ನೆರೆತ ಮೀಸೆಯವನು!

ಮರುದಿನ ಮೆಡಿಕಲ್ ಅಂಗಡಿಗೆ ಹೋದ.

"ಭೇದಿ ನಿಲ್ಲೋ ಮಾತ್ರೆ ಕೊಡಿ," ಎಂದ.

"ಯಾರಿಗೆ?"

"ಮನೇಲಿ ಮಗೂಗೆ," ಎಂದುಬಿಟ್ಟ.

"ಮಕ್ಕಳಿಗೆ ಇದು ಕೊಡೋ ಹಾಗಿಲ್ಲ ಸ್ವಾಮಿ."

"ಹಾಗಾದ್ರೆ ನಂಗೇ."

ಅಂಗಡಿಯವನು ನಗು ನುಂಗಿಕೊಂಡು ಮಾತ್ರೆ ಕೊಟ್ಟ. ಒಂದೆರಡು ದಿನಕ್ಕಿಂತ ಹೆಚ್ಚು ಬೇಡ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದ. ಹದ್ದಣ್ಣ ತಲೆಯಾಡಿಸಿದ. ಆ ಪುಟ್ಟ ಮಾತ್ರೆ ಮಂತ್ರ ಹಾಕಿದಂತೆ ಕೆಲಸ ಮಾಡಿತು. ಏಣಿ ಹತ್ತುವ ಮೊದಲು ಒಂದು ನುಂಗಿದರೆ ಸಂಜೆಯವರೆಗೆ ಹೊಟ್ಟೆ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿತ್ತು.

ಒಂದು ಎರಡಾಯಿತು, ಎರಡು ಮೂರಾಯಿತು. ಈಗ ಹೊಟ್ಟೆ ಕಟ್ಟಿಕೊಂಡು ಕಲ್ಲಾಗತೊಡಗಿತು. ವಾರದ ರಜೆಯ ದಿನ ಬೇರೆ ಅಂಗಡಿಗೆ ಹೋಗಿ ಮಲಬದ್ಧತೆಯ ಮಾತ್ರೆ ತಂದ. ಅದನ್ನು ನುಂಗಿದರೆ ರಜೆಯೆಲ್ಲ ಕಕ್ಕಸಿನಲ್ಲೇ ಮುಗಿಯುತ್ತಿತ್ತು. ಅದು ಜಾಡಿಸಿದ ರಭಸಕ್ಕೆ ಹೆದರಿ ಮರುದಿನ ನಿಲ್ಲಿಸುವ ಮಾತ್ರೆ ಇನ್ನೂ ಹೆಚ್ಚು ನುಂಗುತ್ತಿದ್ದ. ಎರಡರ ನಡುವಿನ ಜಗ್ಗಾಟಕ್ಕೆ ಹೊಟ್ಟೆ ಹಿಂಡತೊಡಗಿದಾಗ ನೋವಿಗೆಂದು ಮೂರನೆಯದೂ ಬಂತು. ಒಂದು ಅಂಗಿಯ ಜೇಬಿನಲ್ಲಿ, ಒಂದು ಪ್ಯಾಂಟಿನಲ್ಲಿ, ಒಂದು ಹೆಲ್ಮೆಟ್ಟಿನ ಒಳಪಟ್ಟಿಯಲ್ಲಿ. ಅಂಗಡಿಯಿಂದ ಅಂಗಡಿಗೆ ತಿರುಗಿದ್ದರಿಂದ ಯಾರೂ ಕೇಳಲಿಲ್ಲ.

ಹೆಂಡತಿ ಕೇಳಿದಳು. "ರೀ, ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿದೆ. ನನ್ನ ಅಡುಗೆ ಅಷ್ಟು ಕೆಟ್ಟೋಯ್ತಾ?"

"ಮೇಲೆ ಗಾಳಿ ಜಾಸ್ತಿ. ಹಸಿವಾಗಲ್ಲ ಕಣೇ."

"ಗಾಳಿ ಕುಡಿದು ಬದುಕೋಕೆ ನೀವೇನು ನಿಜವಾದ ಹದ್ದಾ?"

ಅವನು ನಕ್ಕು ಮಾತು ತೇಲಿಸಿದ.

ಅದಾಗಿ ಕೆಲವು ತಿಂಗಳಿಗೆ, ಬಿಸಿಲೇರಿದ ಒಂದು ಬೆಳಿಗ್ಗೆ, ಕಬ್ಬಿಣದ ಸರಳಿನ ಕಂತೆ ಕೊಕ್ಕೆಯಲ್ಲಿ ತೂಗುತ್ತಿತ್ತು. ಅಂದು ಅವನು ಎಷ್ಟು ಮಾತ್ರೆ ನುಂಗಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಕಂತೆಯನ್ನು ತಿರುಗಿಸುತ್ತಿದ್ದಂತೆ ಎದೆಯಲ್ಲಿ ಏನೋ ಮುಗ್ಗರಿಸಿದಂತಾಯಿತು. ಹಿಡಿಕೆ ಕೈಜಾರಿತು. ಕಣ್ಣಿಗೆ ಕತ್ತಲೆ ಕವಿಯಿತು.

ಎಚ್ಚರವಾದಾಗ ಹಣೆ ಗಾಜಿಗೆ ಒತ್ತಿಕೊಂಡಿತ್ತು. ಕಾಲ ಬಳಿ ಬಿದ್ದಿದ್ದ ವಾಕಿಟಾಕಿ ಅರಚುತ್ತಿತ್ತು. "ಭಾವ! ಭಾವ, ಮಾತಾಡಿ! ಭಾವಾ!"

ಕೈ ಬಿಟ್ಟರೆ ತಾನೇ ನಿಲ್ಲುವ ಯಂತ್ರ ಅದು. ಆದರೂ ಒಮ್ಮೆಲೇ ನಿಂತ ಏಟಿಗೆ ಕಂತೆ ಅತ್ತಿತ್ತ ಜೋರಾಗಿ ಓಲಾಡುತ್ತಿತ್ತು. ಅದರಡಿಯಲ್ಲಿದ್ದವರು ಚೆಲ್ಲಾಪಿಲ್ಲಿ ಓಡಿದ್ದರು. ಭಾಮೈದನೊಬ್ಬನೇ ಇನ್ನೂ ಅಲ್ಲೇ ನಿಂತಿದ್ದ, ಮೇಲೆ ನೋಡುತ್ತ.

"ಏನಿಲ್ಲ ಮಾರಾಯ, ಸ್ವಲ್ಪ ತಲೆ ಸುತ್ತು ಬಂತು," ಎಂದ ಹದ್ದಣ್ಣ. "ಇಳಿಸ್ತೀನಿ, ದಾರಿ ಹೇಳು."

"ಮುಟ್ಟಬೇಡಿ. ನಾನು ಬರೋವರೆಗೂ ಏನೂ ಮುಟ್ಟಬೇಡಿ."

ಭಾಮೈದ ಏಣಿ ಹತ್ತಿ ಬಂದಾಗ ಏದುಸಿರಿನಲ್ಲಿದ್ದ. ಹದ್ದಣ್ಣನ ಮುಖ ಬಿಳಿಚಿತ್ತು, ಕಾಲ ಬಳಿ ಖಾಲಿ ಮಾತ್ರೆ ಪಟ್ಟಿಗಳು ಚೆಲ್ಲಿದ್ದವು. ಭಾಮೈದ ಒಂದೊಂದನ್ನೂ ಎತ್ತಿ ನೋಡಿದ.

"ಎಂಜಿನಿಯರಿಗೆ ಹೇಳಬೇಡ," ಎಂದ ಹದ್ದಣ್ಣ. "ನಿಂಗೆ ಕೈ ಮುಗಿತೀನಿ."

ಭಾಮೈದ ಅವನನ್ನು ಮುಂದೆ ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ. ಕೆಳಗೆ ಬಂದವನೇ ನೇರವಾಗಿ ಎಂಜಿನಿಯರ ಹತ್ತಿರ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿದ ಡಾಕ್ಟರಮ್ಮ ಹುಬ್ಬೇರಿಸಿದರು. "ದಿನಕ್ಕೆ ಎಷ್ಟು ತಗೋತಿದ್ರಿ?"

"ಒಂದೋ ಎರಡೋ."

ಹೆಂಡತಿ ಸೆರಗಿನ ಗಂಟು ಬಿಚ್ಚಿ ತಮ್ಮ ಕೊಟ್ಟಿದ್ದ ಖಾಲಿ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಡಾಕ್ಟರಮ್ಮ ಬೈಯಲಿಲ್ಲ. ಈ ಭೇದಿ ನಿಲ್ಲಿಸುವ ಮಾತ್ರೆ ಕೆಟ್ಟದ್ದೇನಲ್ಲ, ಆದರೆ ಹಿಡಿಗಟ್ಟಲೆ ನುಂಗಿದರೆ ಕರುಳು ಜಡಗಟ್ಟುತ್ತದೆ, ಗುಂಡಿಗೆಯ ಬಡಿತವೇ ಹಳಿ ತಪ್ಪುತ್ತದೆ, ಅದು ಮತ್ತೆ ತಾಳಕ್ಕೆ ಬಂದದ್ದು ನಿಮ್ಮ ಅದೃಷ್ಟ ಎಂದರು. "ಇಷ್ಟು ಯಾಕೆ ತಗೊಂಡ್ರಿ?"

ತಲೆ ತಗ್ಗಿಸಿಕೊಂಡೇ ಅವನು ಆ ಸ್ಲ್ಯಾಬಿನ ದಿನದ ಕತೆ ಹೇಳಿದ. ಪ್ಯಾಂಟಿನ ವಿಷಯವನ್ನೂ ಬಿಡಲಿಲ್ಲ.

ಹೆಂಡತಿ ಕಣ್ಣೊರೆಸಿಕೊಂಡಳು. "ಇಷ್ಟಕ್ಕೇನಾ? ಎರಡು ಮಕ್ಕಳ ಕುಂಡೆ ತೊಳೆದಿದ್ದೀನಿ. ನಿಮ್ಮದೊಂದು ಪ್ಯಾಂಟು ನಂಗೆ ಭಾರವಾ?"

ಅವಳು ಪ್ರೀತಿಯಿಂದಲೇ ಹೇಳಿದ್ದಳು. ಆದರೆ 'ಇಷ್ಟಕ್ಕೇನಾ' ಎಂಬ ಮಾತು ಅವನಿಗೆ ಚುರುಕ್ಕೆಂದಿತು. ಗೋಡೆಯ ಕಡೆ ಮಗ್ಗುಲಾದ.

ಕ್ರೇನಿನ ಕೆಲಸ ಹೋಯಿತು. ಅದೇ ಸೈಟಿನ ಉಗ್ರಾಣದಲ್ಲಿ ಮೊಳೆ, ಬೋಲ್ಟು ಎಣಿಸಿಕೊಡುವ ಕೆಲಸ ಸಿಕ್ಕಿತು. ಹೊಟ್ಟೆಗೆ ಈಗ ಡಾಕ್ಟರಮ್ಮ ಬರೆದುಕೊಟ್ಟ ಔಷಧಿ, ಹೊತ್ತಿಗೆ ಸರಿಯಾಗಿ ಊಟ. ಸ್ವಲ್ಪ ಸ್ವಲ್ಪವೇ ಹಿಡಿತಕ್ಕೆ ಬರುತ್ತಿತ್ತು. ಕೆಲವು ದಿನ ಬೆಳಿಗ್ಗೆ ಮಾತ್ರ ಹಳೆಯ ನುಲಿತ ಬಂದು, ಎಲ್ಲಿದ್ದರೂ ಬೆವರುತ್ತ ಓಡುತ್ತಿದ್ದ. ಭಾಮೈದನ ಜೊತೆ ಮಾತು ಬಿಟ್ಟಿದ್ದ. ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದ. ಅಕ್ಕತಮ್ಮ ಬಾಗಿಲಲ್ಲೇ ನಿಂತು ಪಿಸುಗುಟ್ಟಿ ಬೀಳ್ಕೊಡುವಂತಾಗಿತ್ತು.

ಒಂದು ರಜೆಯ ದಿನ ಭಾಮೈದ ನೆಟ್ಟಗೆ ಒಳಗೆ ಬಂದು ಅವನೆದುರು ಕೂತ.

"ಎಷ್ಟು ದಿನ ಹೀಗೆ ಭಾವ?"

"ನನ್ನ ಅನ್ನ ಕಿತ್ಕೊಂಡೆ ನೀನು."

"ನಾನು ಬಾಯಿ ಮುಚ್ಕೊಂಡಿದ್ರೆ ಮಾರನೇ ದಿನ ಮತ್ತೆ ಹತ್ತುತಿರಲಿಲ್ವಾ?"

ಹದ್ದಣ್ಣ ಸುಳ್ಳು ಹೇಳಲಾರದೆ ಹೋದ. "ಹತ್ತುತಿದ್ದೆ."

"ಕೆಳಗೆ ನಿಲ್ತಿದ್ದೋನು ನಾನು ಭಾವ."

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಹದ್ದಣ್ಣನಿಗೆ ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

"ಊಟ ಮಾಡ್ಕೊಂಡು ಹೋಗು," ಎಂದ ಕೊನೆಗೆ, ಅವನ ಮುಖ ನೋಡದೆ.

ಭಾಮೈದ ಉಳಿದ. ಮೂವರೂ ಕೂತು ಊಟ ಮಾಡಿದರು.